ಸದ್ದು ಸಹಜವಲ್ಲ

ಚೆನ್ನೈನ ವಡಪಳನಿ ಸಿಗ್ನಲಿನಲ್ಲಿ ಕೆಂಪು ದೀಪ ಬಿತ್ತು. ಗಾಡಿಯ ಎಂಜಿನ್ ತಾನಾಗಿಯೇ ನಿಂತಿತು. ಹೊರಗೆ ಮೇ ತಿಂಗಳ ಅಗ್ನಿ ನಕ್ಷತ್ರದ ಬಿಸಿಲು, ಒಳಗೆ ಬ್ಯಾಟರಿಯ ಬಲದಲ್ಲಿ ಓಡುತ್ತಿದ್ದ ಎ.ಸಿ.ಯ ಸಣ್ಣ ಸುಯ್ಯೆನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹಸಿರು ಬಂತು. ಮೋಟಾರಿನ ಬಲದಲ್ಲೇ ಗಾಡಿ ಮುಂದಕ್ಕೆ ಸರಿಯಿತು. ಮೆಟ್ರೋ ಕಾಮಗಾರಿಗೆಂದು ಆರ್ಕಾಟ್ ರಸ್ತೆಯಲ್ಲಿ ಹಾಸಿದ್ದ ಕಬ್ಬಿಣದ ಹಲಗೆಯ ಮೇಲೆ ಚಕ್ರ ಹತ್ತಿ ಇಳಿದದ್ದೇ ತಡ, ಎಡಗಡೆಯ ಮೂಲೆಯಿಂದ ಶುರುವಾಯಿತು: ಕಟ, ಕಟ, ಕಟಕಟ. ಹಿಂದಿನ ಸೀಟಿನ ಬೆನ್ನ ಹಿಂದೆ ಇನ್ನೊಂದು, ಒಣಗಿದ ಬಾಗಿಲು ತೆರೆದ ಹಾಗೆ ಕಿರ್ ಎನ್ನುವ ಸದ್ದು. ಹಿಂದೆ ಕೂತಿದ್ದ ಅಮ್ಮ, "ಏನೋ ಇದು, ಒಳಗೆ ಇಲಿ ಸೇರಿಕೊಂಡಿದೆಯಾ ನೋಡಿಸೋ" ಅಂದರು. ಗಾಡಿ ತಗೊಂಡು ಹದಿನಾಲ್ಕು ತಿಂಗಳಾಗಿತ್ತು.

ಸರ್ವಿಸ್ ಸೆಂಟರಿಗೆ ಒಯ್ದೆ. ಅಡ್ವೈಸರ್ ಹುಡುಗ ಒಂದು ಸುತ್ತು ಓಡಿಸಿ ಬಂದು, ಬಹಳ ವಿನಯದಿಂದಲೇ ಹೇಳಿದ: "ಹೈಬ್ರಿಡ್ ವಂಡಿ ಸಾರ್. ರೊಂಬ ಸೈಲೆಂಟ್. ಅದನಾಲೆ ಎಲ್ಲಾಮೇ ಕೇಕ್ಕುಂ. ನಾರ್ಮಲ್ ದಾನ್." ಹೈಬ್ರಿಡ್ ಗಾಡಿ ಬಹಳ ಮೌನ, ಅದಕ್ಕೇ ಎಲ್ಲವೂ ಕೇಳಿಸುತ್ತದೆ, ಇದೆಲ್ಲ ಸಹಜ ಎಂದು.

ಈ ಮಾತು ಆ ಹುಡುಗನೊಬ್ಬನದಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಶೋರೂಮಿನಲ್ಲಿ ಇದನ್ನೇ ಹೇಳುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗಾಡಿ ಇಟ್ಟುಕೊಂಡ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಇದನ್ನೇ ಹೇಳುತ್ತಾರೆ. ಬೆಂಗಳೂರಿನಿಂದ ಫೋನ್ ಮಾಡಿದ ಬಾಮೈದ, "ಅಯ್ಯೋ ಬಿಡಿ ಭಾವ, ಪ್ಲಾಸ್ಟಿಕ್ ಗಾಡಿ, ಇನ್ನೇನಾಗುತ್ತೆ? ಎಫ್.ಎಂ. ಸ್ವಲ್ಪ ಜೋರಾಗಿ ಹಾಕ್ಕೊಳ್ಳಿ" ಅಂದ. ಹೈಬ್ರಿಡ್ ಗಾಡಿಯೊಳಗಿನ ಕಿರಕಿರ, ಲೊಟಲೊಟ ಒಂದು ದೋಷವೇ ಅಲ್ಲ, ಅದನ್ನು ದೂರುವವನ ಕಿವಿಯೇ ಅತಿ ನಾಜೂಕು ಎನ್ನುವ ಅಭಿಪ್ರಾಯ ಈಗ ಎಲ್ಲರ ಬಾಯಲ್ಲಿದೆ. ಇದು ತಪ್ಪು. ಗಾಡಿ ಮಾರುವವರಿಗೆ ಅನುಕೂಲವಾದ ತಪ್ಪು, ಕೊಂಡವರಿಗೆ ಕೆಲವೊಮ್ಮೆ ಅಪಾಯ ತರುವ ತಪ್ಪು.

"ಮೌನ ಜಾಸ್ತಿ, ಅದಕ್ಕೇ ಕೇಳಿಸುತ್ತದೆ" ಎಂಬ ವಾದದಲ್ಲಿ ಅರ್ಧ ನಿಜವಿದೆ. ಆ ಅರ್ಧ ನಿಜದ ಬಲದಿಂದಲೇ ಅದು ಇಷ್ಟು ದೂರ ನಡೆದಿದೆ. ಒಂದು ದೊಡ್ಡ ಸದ್ದು ಚಿಕ್ಕ ಸದ್ದನ್ನು ಮುಚ್ಚಿಹಾಕುತ್ತದೆ. ಪೆಟ್ರೋಲ್, ಡೀಸೆಲ್ ಗಾಡಿಯಲ್ಲಿ ಎಂಜಿನ್ನಿನ ಗುಂಯ್‌ಗಾರ ಎಡೆಬಿಡದೆ ಇರುವುದರಿಂದ ಒಳಗಿನ ಸಣ್ಣಪುಟ್ಟ ಕಟಕಟ ಅದರಡಿ ಹೂತುಹೋಗಿರುತ್ತದೆ. ಹೈಬ್ರಿಡ್ ಗಾಡಿ ನಿಧಾನ ವೇಗದಲ್ಲಿ ಎಷ್ಟೋ ಹೊತ್ತು ಎಂಜಿನ್ ಆರಿಸಿಕೊಂಡು ಬರೀ ಮೋಟಾರಿನಲ್ಲಿ ಓಡುತ್ತದೆ. ಆಗ ಹೊದಿಕೆ ಸರಿಯುತ್ತದೆ. ಅಲ್ಲದೆ ನಮ್ಮ ಕಿವಿ ಅತ್ಯಂತ ಚುರುಕಾಗಿರುವುದು ಸುಮಾರು 2000ದಿಂದ 5000 ಹರ್ಟ್ಸ್ ನಡುವೆ. ಪ್ಲಾಸ್ಟಿಕ್ಕಿನ ಕಿರುಗುಟ್ಟುವಿಕೆಯೂ ಎಷ್ಟೋ ಸಲ ಬೀಳುವುದು ಅಲ್ಲೇ. ಇಷ್ಟೂ ಸರಿ. ಆದರೆ ಇದು ಸದ್ದು ಏಕೆ ಕೇಳಿಸುತ್ತದೆ ಎಂಬುದಕ್ಕೆ ಉತ್ತರ. ಸದ್ದು ಏಕೆ ಹುಟ್ಟಿತು ಎಂಬುದಕ್ಕಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ನಿಂತ ಮೇಲೆ ನಲ್ಲಿ ತೊಟ್ಟಿಕ್ಕುವುದು ಕೇಳಿಸಿದರೆ ನಾವು ವಾಷರ್ ಬದಲಿಸುತ್ತೇವೆ. ಮಿಕ್ಸಿ ಹಾಕಿಟ್ಟುಕೊಳ್ಳಿ ಎಂದು ಯಾವ ಪ್ಲಂಬರೂ ಹೇಳುವುದಿಲ್ಲ.

ಇನ್ನೊಂದು ಮಾತು. ಆ ಮೌನವನ್ನು ನಮಗೆ ಯಾರೂ ಪುಕ್ಕಟೆ ಕೊಟ್ಟಿಲ್ಲ. ಟೆಸ್ಟ್ ಡ್ರೈವಿನ ದಿನ ಸೇಲ್ಸ್‌ನವರು ಮೊದಲು ತೋರಿಸುವುದೇ ಅದನ್ನು: "ಸ್ಟಾರ್ಟ್ ಆಗಿದೆ ಸಾರ್, ಗೊತ್ತಾಯಿತಾ?" ಅದೇ ಗಾಡಿಯ ಪೆಟ್ರೋಲ್ ಮಾದರಿಗಿಂತ ಲಕ್ಷಗಟ್ಟಲೆ ಹೆಚ್ಚು ಕೊಟ್ಟು ನಾವು ಇದನ್ನು ಕೊಂಡಿದ್ದೇವೆ. ಇಂಥ ಗಾಡಿಗಳು ಹೊರಗಿನವರಿಗೆ ಎಷ್ಟು ಮೌನವೆಂದರೆ, ದಾರಿಹೋಕರಿಗೆ ಗೊತ್ತಾಗಲಿ ಎಂದು ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾದರಿಯ ವಿದ್ಯುತ್ ಮತ್ತು ಹೈಬ್ರಿಡ್ ಗಾಡಿಗಳಿಗೆ ಕೃತಕ ಸದ್ದು ಹೊರಡಿಸುವ ಸಾಧನವನ್ನು ಕಡ್ಡಾಯ ಮಾಡಿದರು. ಮೌನವನ್ನೇ ಗುಣವೆಂದು ಮಾರಿ, ಆ ಮೌನವನ್ನೇ ಕೆಡಿಸುವ ಸದ್ದಿಗೆ ಮೌನವೇ ಕಾರಣ ಎಂದು ಹೇಳುವುದು ಯಾವ ನ್ಯಾಯ?

ಈ ಸದ್ದುಗಳು ಏನೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಕನ್ನಡದ ಕಿವಿ ಇವನ್ನು ಮೊದಲೇ ಬೇರ್ಪಡಿಸಿ ಹೆಸರಿಟ್ಟಿದೆ. ಕಿರುಗುಟ್ಟುವುದು ಒಂದು, ಲೊಟಗುಟ್ಟುವುದು ಇನ್ನೊಂದು. ಎರಡರ ಹುಟ್ಟೂ ಬೇರೆ. ಲೊಟಗುಟ್ಟುವುದು ಎಂದರೆ ಎರಡು ವಸ್ತುಗಳ ನಡುವೆ ಸಂದು ಬಿದ್ದು, ಅಲುಗಿದಾಗ ಒಂದಕ್ಕೊಂದು ಬಡಿಯುವುದು: ಸಡಿಲಾದ ಕ್ಲಿಪ್, ಬಿಗಿ ಸಾಲದ ಸ್ಕ್ರೂ, ಡೋರ್ ಪ್ಯಾಡಿನೊಳಗೆ ಕಟ್ಟು ಬಿಚ್ಚಿದ ವೈರು. ಕಿರುಗುಟ್ಟುವುದರಲ್ಲಿ ಸಂದು ಇಲ್ಲವೇ ಇಲ್ಲ. ಎರಡು ಮೈಗಳು ಒತ್ತಿಕೊಂಡಿರುತ್ತವೆ, ಹಿಡಿಯುತ್ತವೆ, ತುಸು ಬಾಗುತ್ತವೆ, ತಟಕ್ಕನೆ ಜಾರುತ್ತವೆ, ಮತ್ತೆ ಹಿಡಿಯುತ್ತವೆ. ಸೆಕೆಂಡಿಗೆ ನೂರಾರು ಸಲ ಹೀಗಾದಾಗ ಅದು ಸ್ವರವಾಗಿ ಕೇಳುತ್ತದೆ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದು ಇದನ್ನೇ. ರಾಳ ಹಚ್ಚಿದ ಕೂದಲು ತಂತಿಯನ್ನು ಹಿಡಿದು ಬಿಡುತ್ತದೆ, ಹಿಡಿದು ಬಿಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಆ ಕೆಲಸವನ್ನು ಎರಡು ಬಗೆಯ ಪ್ಲಾಸ್ಟಿಕ್ ಮಾಡುತ್ತವೆ.

ಅದರ ಮೇಲೆ ಚೆನ್ನೈನ ಬಿಸಿಲು. ಒಂದು ಮೀಟರ್ ಉದ್ದದ ಉಕ್ಕು 40 ಡಿಗ್ರಿ ಬಿಸಿಯೇರಿದರೆ ಅರ್ಧ ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಗಾಡಿಯೊಳಗೆ ಬಳಸುವ ಪ್ಲಾಸ್ಟಿಕ್ಕುಗಳು ಅದೇ ಬಿಸಿಗೆ ಅದರ ಐದರಿಂದ ಹತ್ತು ಪಟ್ಟು ಹಿಗ್ಗುತ್ತವೆ. ಮರೀನಾದಲ್ಲೋ ಟಿ. ನಗರದಲ್ಲೋ ಮಧ್ಯಾಹ್ನ ಎರಡು ತಾಸು ಬಿಸಿಲಿಗೆ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಕೈಯಿಟ್ಟು ನೋಡಿ, ಇಡಲಾಗುವುದಿಲ್ಲ. ಬಂದು ಕೂತವರು ಎ.ಸಿ.ಯನ್ನು ಕೊನೆಗೆ ತಿರುಗಿಸುತ್ತಾರೆ. ಹತ್ತು ನಿಮಿಷದಲ್ಲಿ ಮೇಲ್ಭಾಗ ಕುಗ್ಗಲು ಶುರುವಾಗುತ್ತದೆ, ಒಳಗಿನ ಉಕ್ಕಿನ ಅಡ್ಡಪಟ್ಟಿ ಇದ್ದಂತೆಯೇ ಇರುತ್ತದೆ. ವರ್ಷಕ್ಕೆ ನೂರಾರು ಸಲ ಈ ಜಗ್ಗಾಟ ನಡೆದರೆ ಕ್ಲಿಪ್ಪುಗಳ ಹಿಡಿತ ಸಡಿಲಾಗುವುದರಲ್ಲಿ ಆಶ್ಚರ್ಯವಿಲ್ಲ. ಹೈಬ್ರಿಡ್‌ಗೆ ಇನ್ನೊಂದು ಜಗ್ಗಾಟವೂ ಇದೆ. ಟ್ರಾಫಿಕ್ಕಿನಲ್ಲಿ ಎ.ಸಿ. ಬ್ಯಾಟರಿಯನ್ನು ಕುಡಿಯುತ್ತದೆ, ಬ್ಯಾಟರಿ ಇಳಿದಾಗ ಎಂಜಿನ್ ಎದ್ದು ತುಂಬುತ್ತದೆ, ಮತ್ತೆ ಮಲಗುತ್ತದೆ. ಕತ್ತಿಪಾರಾದಿಂದ ಪೋರೂರಿಗೆ ಹೋಗುವುದರೊಳಗೆ ಎಷ್ಟು ಸಲ ಎದ್ದು ಮಲಗಿತೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಒಂದೊಂದು ಏಳುವಿಕೆಯಲ್ಲೂ ಗಾಡಿಯ ಮೈಗೆ ಒಂದು ಸಣ್ಣ ನಡುಕ. ಮೂರು ಸಿಲಿಂಡರಿನ ಎಂಜಿನ್ ಆದರೆ ಆ ನಡುಕ ಇನ್ನೂ ಸ್ಪಷ್ಟ.

ಹಾಗಾದರೆ ಇದು ಪ್ರಕೃತಿಸಹಜ ಎಂದೇ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲ. ಇವೆಲ್ಲ ಗಾಡಿ ಮಾಡುವವರಿಗೆ ನನಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ಯಾವ ಪ್ಲಾಸ್ಟಿಕ್ ಯಾವುದರ ಪಕ್ಕ ಕೂತರೆ ಕಿರುಗುಟ್ಟುತ್ತದೆ ಎಂದು ಅಳೆಯಲು ಜರ್ಮನಿಯ ವಾಹನೋದ್ಯಮದವರು ವಿ.ಡಿ.ಎ. 230-206 ಎಂಬ ಮಾನದಂಡವನ್ನೇ ಮಾಡಿಟ್ಟಿದ್ದಾರೆ. ಎರಡು ತುಂಡುಗಳನ್ನು ಬೇರೆಬೇರೆ ಬಿಸಿ, ತೇವ, ಒತ್ತಡದಲ್ಲಿ ಉಜ್ಜಿ ಅಂಕ ಕೊಡುತ್ತಾರೆ. ಗಾಡಿಯ ನಾಲ್ಕು ಚಕ್ರಗಳನ್ನೂ ನಾಲ್ಕು ಕಂಬಗಳ ಮೇಲೆ ನಿಲ್ಲಿಸಿ, ಕೆಟ್ಟ ರಸ್ತೆಯನ್ನು ಪ್ರಯೋಗಾಲಯದಲ್ಲೇ ಮರುಸೃಷ್ಟಿಸಿ ಕುಲುಕುತ್ತಾರೆ. ಪರಿಹಾರವೂ ಗೊತ್ತು: ಒಂದು ಚೂರು ಫೆಲ್ಟ್, ವೈರಿನ ಗೊಂಚಲಿಗೆ ಸುತ್ತುವ ಬಟ್ಟೆಯ ಟೇಪ್, ಒಂದು ಹೆಚ್ಚಿನ ಕ್ಲಿಪ್, ಹೊಂದುವ ಜಾತಿಯ ಪ್ಲಾಸ್ಟಿಕ್. ಇಷ್ಟು ತಿಳಿದಿದ್ದೂ ಸದ್ದು ಉಳಿದರೆ ಅದಕ್ಕೆ ಕಾರಣ ಎಲ್ಲೋ ಆ ಚೂರು ಫೆಲ್ಟನ್ನು ಉಳಿಸಿದ್ದು, ಇಲ್ಲವೇ ಜೋಡಿಸುವಾಗ ಕ್ಲಿಪ್ ಪೂರಾ ಕೂರದಿದ್ದದ್ದು. ಎರಡೂ ಮನುಷ್ಯರು ಮಾಡಿದ್ದು, ಮನುಷ್ಯರು ಸರಿಪಡಿಸಬಹುದಾದ್ದು.

ಈ ಮಾತನ್ನು ಚೆನ್ನೈನಲ್ಲಿ ಕೂತು ಹೇಳಬೇಕಾಗಿ ಬಂದದ್ದು ನನಗೆ ಹೆಚ್ಚು ನೋವಿನ ಸಂಗತಿ. 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ತಯಾರಾಗುತ್ತಿದ್ದ ಊರು ಇದು. 1998ರಲ್ಲಿ ಹ್ಯುಂಡೈ ಕಂಪನಿಯ ಸ್ಯಾಂಟ್ರೋ ಇಲ್ಲಿನ ಇರುಂಗಾಟ್ಟುಕೋಟೆಯಿಂದ ಹೊರಬಂತು. 2010ರಲ್ಲಿ ಒರಗಡಂನಲ್ಲಿ ರೆನೋ–ನಿಸಾನ್ ಕಾರ್ಖಾನೆ ಶುರುವಾಯಿತು. ಚೆಂಗಲ್ಪಟ್ಟಿನ ಹತ್ತಿರ ಮಹೀಂದ್ರಾದವರ ದೊಡ್ಡ ಸಂಶೋಧನಾ ಕೇಂದ್ರವಿದೆ. ಇತ್ತ ನಮ್ಮ ಬಿಡದಿಯಲ್ಲಿ 2022ರಿಂದ ಮಧ್ಯಮ ವರ್ಗದವರ ಕೈಗೆಟಕುವ ಹೈಬ್ರಿಡ್ ಗಾಡಿಗಳು ತಯಾರಾಗುತ್ತಿವೆ. ಚೆನ್ನೈಗೂ ಬಿಡದಿಗೂ ನಡುವಿನ ದಾರಿಯಲ್ಲಿ ಗಾಡಿಯ ಬಿಡಿಭಾಗ ಮಾಡಿ ಹೊಟ್ಟೆ ಹೊರೆಯುವ ಮನೆಗಳು ಎಷ್ಟೋ ಇವೆ. ಕ್ಲಿಪ್ ಎಂದರೇನು, ಬಿಗಿ ಎಂದರೇನು ಎಂದು ಇಷ್ಟು ಜನಕ್ಕೆ ಗೊತ್ತಿರುವ ಸೀಮೆಯಲ್ಲಿ "ಪ್ಲಾಸ್ಟಿಕ್ ಗಾಡಿ, ಇನ್ನೇನಾಗುತ್ತೆ" ಎಂಬ ಮಾತು ಹುಟ್ಟಲೇಬಾರದಿತ್ತು.

ರಸ್ತೆಯ ಮೇಲೆ ತಪ್ಪು ಹೊರಿಸುವವರೂ ಇದ್ದಾರೆ. ಮೆಟ್ರೋ ಎರಡನೆಯ ಹಂತಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ಉದ್ದ ನಗರವನ್ನು ಅಗೆದಿದ್ದಾರೆ. ಹಳೆ ಮಹಾಬಲಿಪುರಂ ರಸ್ತೆ, ಪೂನಮಲ್ಲಿ ರಸ್ತೆ, ಆರ್ಕಾಟ್ ರಸ್ತೆ ವರ್ಷಗಟ್ಟಲೆ ಹುಣ್ಣಾಗಿದ್ದವು. ಒಪ್ಪುತ್ತೇನೆ. ಆದರೆ ಈ ಗಾಡಿಯನ್ನು ಮಾರಿದ್ದು ಈ ಊರಿನಲ್ಲಿ ಓಡಿಸಲು. ಸ್ಪೀಡ್ ಬ್ರೇಕರ್ ದಾಟಲಾರದ ಗಾಡಿಯನ್ನು ಈ ದೇಶದಲ್ಲಿ ಮಾರುವಂತಿಲ್ಲ ಎಂಬುದನ್ನು ಬೇರೆ ಹೇಳಬೇಕೇ?

ಈಗ ನಾನು ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. "ನಾರ್ಮಲ್" ಎಂಬ ಮಾತಿನಿಂದ ಬರೀ ಕಿರಿಕಿರಿಯಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಗಾಡಿಯೊಳಗೆ ಕೇಳಿಸುವ ಸದ್ದೆಲ್ಲ ಗಾಡಿಯೊಳಗೇ ಹುಟ್ಟಿದ್ದಲ್ಲ. ಈಗಿನ ಗಾಡಿಗಳ ಮೈಯೆಲ್ಲ ಒಂದೇ ಬೆಸುಗೆ. ಒಂದು ತುದಿಯ ಸದ್ದು ಉಕ್ಕಿನ ಗುಂಟ ಹರಿದು ಇನ್ನೊಂದು ತುದಿಯಲ್ಲಿ ಬಾಯಿ ಬಿಡುತ್ತದೆ. ನಮ್ಮ ಗಾಡಿಯ ಎಡಮೂಲೆಯ ಆ ಕಟಕಟವನ್ನು ಮೂರು ಸಲ ತೋರಿಸಿದೆ. ಮೂರು ಸಲವೂ ಡ್ಯಾಶ್‌ಬೋರ್ಡ್ ಸದ್ದು, ನಾರ್ಮಲ್ ಎಂದರು. ಒಂದು ಸಲ ಗ್ಲವ್ ಬಾಕ್ಸಿನೊಳಗೆ ಎರಡು ಚೂರು ಸ್ಪಂಜ್ ಅಂಟಿಸಿ ಕಳಿಸಿದರು. ನಾಲ್ಕನೆಯ ಸಲ ನಾನು ಸರ್ವಿಸ್ ಸೆಂಟರಿಗೆ ಹೋಗಲಿಲ್ಲ. ಅಶೋಕ ನಗರದ ಒಂದು ಗಲ್ಲಿಯಲ್ಲಿ ಮೂವತ್ತು ವರ್ಷದಿಂದ ಶೆಡ್ ಇಟ್ಟುಕೊಂಡ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಗಾಡಿಯೊಳಗೆ ಕೂರಲೇ ಇಲ್ಲ. ನನ್ನನ್ನು ನಿಧಾನವಾಗಿ ಗಲ್ಲಿಯ ಹಂಪಿನ ಮೇಲೆ ಹತ್ತಿಸಿ ಇಳಿಸಲು ಹೇಳಿ, ತಾವು ಎಡ ಚಕ್ರದ ಪಕ್ಕ ಬಗ್ಗಿ ನಡೆದರು. ಆಮೇಲೆ ಜಾಕಿ ಹಾಕಿ, ಚಕ್ರದ ಹಿಂದೆ ಕೈ ತೂರಿಸಿ ಒಂದು ಸಣ್ಣ ರಾಡನ್ನು ಹಿಡಿದು ಅಲುಗಿಸಿದರು. ಅದೇ ಸದ್ದು. ಕಟ, ಕಟ. ಲಿಂಕ್ ರಾಡಿನ ಗುಂಡಿನ ಕೀಲು ಸವೆದು ಆಟ ಬಂದಿತ್ತು. ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟರು. ಬೆರಳಿಗೆ ಆ ಆಟ ಸ್ಪಷ್ಟವಾಗಿ ತಗುಲಿತು. ತಿರುವಿನಲ್ಲಿ ಗಾಡಿ ಹೊರಳದಂತೆ ತಡೆಯುವ ಕಂಬಿಗೆ ಕೊಂಡಿಯಾಗಿರುವ ಭಾಗ ಅದು. ಅದನ್ನು ಮುಟ್ಟಿಯೂ ನೋಡದೆ ಮೂರು ಸಲ ನಾರ್ಮಲ್ ಎಂದಿದ್ದರು. ಅಷ್ಟು ದಿನವೂ ಅದರಲ್ಲಿ ಅಮ್ಮನನ್ನು ಕೂರಿಸಿಕೊಂಡು ನಾನು ಊರೆಲ್ಲ ಓಡಾಡಿದ್ದೆ.

ಎಫ್.ಎಂ. ಜೋರು ಮಾಡಿ ಎನ್ನುವವರಿಗೆ ನನ್ನ ಉತ್ತರ ಇದು. ಹಳ್ಳಿಯ ಗಾಡಿ ಹೊಡೆಯುವವನಿಗೆ ಈ ಬುದ್ಧಿ ಹೇಳಬೇಕಾಗಿರಲಿಲ್ಲ. ಗಾಡಿಯ ಅಡಿಯಲ್ಲಿ ಕೀಲೆಣ್ಣೆಯ ಗೊಟ್ಟ ಸದಾ ತೂಗಾಡುತ್ತಿತ್ತು. ಅಚ್ಚು ಕೂಗಿತೆಂದರೆ ಇಳಿದು ಎಣ್ಣೆ ಹಾಕುತ್ತಿದ್ದ. ಎತ್ತಿನ ಕೊರಳ ಗಂಟೆಯನ್ನು ಜೋರಾಗಿ ಅಲ್ಲಾಡಿಸಿ ಅಚ್ಚಿನ ಕೂಗನ್ನು ಮರೆಸುತ್ತಿರಲಿಲ್ಲ.

ಎಲ್ಲ ಸದ್ದೂ ದೋಷ ಎಂದು ನಾನು ಹೇಳುವುದಿಲ್ಲ. ಹೈಬ್ರಿಡ್‌ಗೆ ಅದರದೇ ಉಸಿರು, ಅದರದೇ ಮಾತು ಇವೆ. ಗುಂಡಿ ಒತ್ತಿದಾಗ ಒಳಗಿನ ರಿಲೇ ಟಕ್ ಎನ್ನುತ್ತದೆ. ಬ್ರೇಕಿನ ಪಂಪು ಆಗೊಮ್ಮೆ ಈಗೊಮ್ಮೆ ಝುಯ್ ಎಂದು ಒತ್ತಡ ತುಂಬಿಕೊಳ್ಳುತ್ತದೆ. ವೇಗ ಇಳಿಸುವಾಗ ಮೋಟಾರು ಜನರೇಟರಾಗಿ ತಿರುಗಿ ಸಣ್ಣಗೆ ಊಳಿಡುತ್ತದೆ. ಬಿಸಿಲಲ್ಲಿ ಬ್ಯಾಟರಿಯ ಫ್ಯಾನು ಹಿಂದುಗಡೆ ಗುಂಯ್ ಎನ್ನುತ್ತದೆ. ಇವೆಲ್ಲ ಸಹಜವೇ. ಆದರೆ ಇವು ಸಹಜ ಎಂಬ ಒಂದೇ ಸಾಲಿನ ನೆರಳಲ್ಲಿ ಲೊಟಲೊಟವನ್ನೂ ಸೇರಿಸಿಬಿಡುವುದು ಸೋಮಾರಿತನ. ಇಲ್ಲಿ ಮಾಡಬೇಕಾದ ಕೆಲಸವೇ ಬೇರ್ಪಡಿಸುವುದು. ಈ ಊರಿಗೆ ಅದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. 1928ರಿಂದ ಮ್ಯೂಸಿಕ್ ಅಕಾಡೆಮಿ ನಡೆಸಿಕೊಂಡು ಬಂದ ಊರು ಇದು. ತಂಬೂರಿಯ ತಂತಿಯ ಕೆಳಗೆ ನೂಲಿನ ಎಳೆ ಇಟ್ಟು ಜೀವಾಳಿ ಬರಿಸುತ್ತಾರೆ. ಆ ಝೇಂಕಾರ ಬೇಕಾದದ್ದು. ವೀಣೆಯ ಮೆಟ್ಟಿಲು ಕೂತ ಮೇಣ ಸೆಖೆಗೆ ಕರಗಿ ಸಡಿಲಾದರೆ ಅಲ್ಲೂ ಒಂದು ಝೇಂಕಾರ ಹುಟ್ಟುತ್ತದೆ. ಅದು ಬೇಡದ್ದು. ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂತವರಿಗೂ ಎರಡರ ವ್ಯತ್ಯಾಸ ಗೊತ್ತಾಗುತ್ತದೆ. ಅದೇ ಕಿವಿಗಳು ಗಾಡಿಯೊಳಗೆ ಕೂತಾಗ ಎಲ್ಲವನ್ನೂ ಒಂದೇ ಎಂದು ಒಪ್ಪುವುದು ಏಕೆ?

ಒಪ್ಪದವರು ಹಿಡಿಯುವ ಇನ್ನೊಂದು ದಾರಿಯಿದೆ, ಅದು ಇದಕ್ಕಿಂತ ಕೆಟ್ಟದ್ದು. ಸರ್ವಿಸ್ ಸೆಂಟರಿನಲ್ಲಿ ಬೇಸತ್ತವರು ಆ್ಯಕ್ಸೆಸರಿ ಅಂಗಡಿಗೆ ಹೋಗುತ್ತಾರೆ. ಅಲ್ಲಿನ ಹುಡುಗರು ಅರ್ಧ ಗಂಟೆಯಲ್ಲಿ ಪಿಲ್ಲರಿನ ಹೊದಿಕೆ ಕಿತ್ತು, ಸಿಕ್ಕ ಸಂದಿಗೆಲ್ಲ ಫೋಮ್ ತುರುಕಿ, ಗುದ್ದಿ ಕೂರಿಸಿ ಕಳಿಸುತ್ತಾರೆ. ಸದ್ದು ನಿಲ್ಲುತ್ತದೆ. ಮುಂದಿನ ಗಾಜಿನ ಪಕ್ಕದ ಆ ಕಂಬದ ಹೊದಿಕೆಯ ಹಿಂದೆ ಅನೇಕ ಗಾಡಿಗಳಲ್ಲಿ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಇರುತ್ತದೆ. ಅದು ಉಬ್ಬಿದಾಗ ಹೊದಿಕೆ ಹಾರಿ ಮುಖಕ್ಕೆ ಬಡಿಯದಂತೆ ಹಿಡಿದಿಡುವ ಕ್ಲಿಪ್ಪನ್ನು ಎಷ್ಟೋ ಗಾಡಿಗಳಲ್ಲಿ ಒಂದೇ ಬಾರಿ ಬಳಸಬಹುದು, ಬಿಚ್ಚಿದರೆ ಹೊಸದು ಹಾಕಬೇಕು. ಫೋಮ್ ತುರುಕುವವರಿಗೆ ಇದು ತಿಳಿದಿರುವುದಿಲ್ಲ. ಹೈಬ್ರಿಡ್‌ನ ನೆಲದಡಿ, ಸೀಟಿನಡಿ ಕಿತ್ತಳೆ ಬಣ್ಣದ ಕೇಬಲ್ ಹರಿದಿರುತ್ತದೆ. ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ. ಹಿಂದಿನ ಸೀಟಿನ ಬಳಿಯ ಜಾಲರಿಯನ್ನು ಸದ್ದಿನ ಮೂಲವೆಂದು ಮುಚ್ಚಿದವರನ್ನೂ ನೋಡಿದ್ದೇನೆ. ಅನೇಕ ಮಾದರಿಗಳಲ್ಲಿ ಅದು ಬ್ಯಾಟರಿಗೆ ತಂಪು ಗಾಳಿ ಹೋಗುವ ದಾರಿ. ಮುಚ್ಚಿದರೆ ಚೆನ್ನೈನ ಸೆಖೆಯಲ್ಲಿ ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ. ಜನ ಈ ದಾರಿ ಹಿಡಿಯಲು ಕಾರಣ ಅವರ ದಡ್ಡತನವಲ್ಲ. ಕೆಲಸ ಬಲ್ಲವರು ಕೆಲಸ ಮಾಡದೆ ಕೈತೊಳೆದುಕೊಂಡದ್ದೇ ಕಾರಣ.

ಹುಡುಕುವುದು ಕಷ್ಟ, ಸಮಯ ಹಿಡಿಯುತ್ತದೆ ಎಂಬ ದೂರು ಸರಿಯೆ. ಆದರೆ ಅಸಾಧ್ಯವಲ್ಲ. ಹಿಂದಿನ ಸೀಟಿನ ಕಿರಕಿರವನ್ನು ನಾವೇ ಹುಡುಕಿದೆವು, ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ, ರಸ್ತೆಗೆ ಗಾಡಿಗಳು ಇಳಿಯುವ ಮೊದಲು. ಮೊದಲು ಗಾಡಿಯನ್ನು ಬರಿದು ಮಾಡಿದೆವು: ಚಿಲ್ಲರೆ, ನೀರಿನ ಬಾಟಲಿ, ಕನ್ನಡಕದ ಡಬ್ಬಿ, ಡಿಕ್ಕಿಯ ಮೇಲಿನ ಪರದೆ, ಸ್ಟೆಪ್ನಿಯ ಪಕ್ಕದ ಜಾಕಿ, ಸ್ಪ್ಯಾನರ್ ಎಲ್ಲವನ್ನೂ ಹೊರಗಿಟ್ಟೆವು. ನನ್ನ ಹೆಂಡತಿ ಹಿಂದೆ ಕೂತಳು. ಇಪ್ಪತ್ತು ಕಿಲೋಮೀಟರ್ ವೇಗ, ಎ.ಸಿ. ಬಂದ್, ಗಾಜು ಮೇಲೆ, ಬರೀ ಮೋಟಾರು. ಅವಳು ಒಂದೊಂದೇ ಜಾಗವನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಾ ಹೋದಳು. ಹೆಡ್‌ರೆಸ್ಟ್ ಒತ್ತಿದಳು, ನಿಲ್ಲಲಿಲ್ಲ. ಸೀಟ್ ಬೆಲ್ಟಿನ ಬಕಲ್ ಹಿಡಿದಳು, ನಿಲ್ಲಲಿಲ್ಲ. ಸೀಟಿನ ಬೆನ್ನನ್ನು ಹಿಂದಕ್ಕೆ ಬಲವಾಗಿ ಒತ್ತಿದ ಕ್ಷಣ ಸದ್ದು ಕತ್ತರಿಸಿದ ಹಾಗೆ ನಿಂತಿತು. ಕೈ ಬಿಟ್ಟಳು, ಬಂತು. ಒತ್ತಿದಳು, ಹೋಯಿತು. ಮಡಚುವ ಸೀಟು ಕಚ್ಚಿಕೊಳ್ಳುವ ಕಬ್ಬಿಣದ ಕೊಂಡಿ ಮತ್ತು ಅದರ ಬಾಯಿ ಒಂದಕ್ಕೊಂದು ಉಜ್ಜುತ್ತಿದ್ದವು. ಕೊಂಡಿಗೆ ಬಟ್ಟೆಯ ಟೇಪನ್ನು ಒಂದೇ ಸುತ್ತು ಸುತ್ತಿದೆ. ಎರಡು ಸುತ್ತಾದರೆ ಲಾಕ್ ಸರಿಯಾಗಿ ಕೂರದಿರಬಹುದು, ಕೂತಿದೆಯೇ ಎಂದು ಎಳೆದು ನೋಡಲೇಬೇಕು. ಅಂದಿನಿಂದ ಆ ಸದ್ದಿಲ್ಲ. ಇದಕ್ಕೆ ಬೇಕಾದದ್ದು ಇಬ್ಬರು ಮನುಷ್ಯರು, ನಲವತ್ತು ನಿಮಿಷ ಮತ್ತು ಒಂದು ಗೇಣು ಟೇಪ್. ಬಾಗಿಲ ಬೀಡಿಂಗ್ ಕಿರುಗುಟ್ಟಿದರೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಊದಿ ಹಾಳಾಗುತ್ತದೆ. ಲಕ್ಷಗಟ್ಟಲೆ ದುಡ್ಡು ಪಡೆದವರು ತಮ್ಮ ಒಬ್ಬ ಕೆಲಸಗಾರನನ್ನು ನಲವತ್ತು ನಿಮಿಷ ಹಿಂದಿನ ಸೀಟಿನಲ್ಲಿ ಕೂರಿಸಲಾರರೆಂದರೆ ನಾನು ನಂಬುವುದಿಲ್ಲ. ಸರ್ವಿಸ್ ಸೆಂಟರುಗಳಲ್ಲಿ ದಿನಕ್ಕೆ ಇಷ್ಟು ಗಾಡಿ ಮುಗಿಯಬೇಕೆಂಬ ಲೆಕ್ಕವಿರುತ್ತದೆ, ಸದ್ದು ಹುಡುಕುವ ನಲವತ್ತು ನಿಮಿಷ ಆ ಲೆಕ್ಕದಲ್ಲಿ ಬರುವುದಿಲ್ಲ. ಆ ಅಡ್ವೈಸರ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಬಾಯಿಗೆ ಆ ಮಾತು ಕೊಟ್ಟ ವ್ಯವಸ್ಥೆಯ ಮೇಲಿದೆ.

ಕೊನೆಗೆ ಬರುವ ವಾದ, ನನ್ನನ್ನು ಹೆಚ್ಚು ಚುಚ್ಚಿದ ವಾದ ಇದು: ಊರಿನ ಜನ ಬಸ್ಸಿನಲ್ಲಿ ಜೋತುಬಿದ್ದು ಹೋಗುವಾಗ ಎ.ಸಿ. ಗಾಡಿಯಲ್ಲಿ ಕೂತವರಿಗೆ ಕಿರಕಿರದ ಚಿಂತೆ, ಇದು ಉಳ್ಳವರ ಗೋಳು. ನಾನು ಬಸ್ಸಿನ ಮನುಷ್ಯನೇ. ಇಪ್ಪತ್ತು ವರ್ಷ ಈ ಊರಿನ ಬಸ್ಸಿನಲ್ಲಿ ಓಡಾಡಿದ್ದೇನೆ, ಗಡಗಡ ನಡುಗುವ ಕಿಟಕಿ ಗಾಜಿಗೆ ಬಸ್ ಟಿಕೆಟನ್ನು ಮಡಚಿ ಸಿಕ್ಕಿಸಿದ್ದೇನೆ. ಆ ಗಾಜು ನಡುಗುವುದೂ ಸಹಜವಲ್ಲ. ಹತ್ತಾರು ವರ್ಷ ಅದನ್ನು ಸಹಜವೆಂದು ಒಪ್ಪಿಕೊಂಡದ್ದರಿಂದಲೇ ಇಂದು ಹೊಸ ಗಾಡಿಯ ಸದ್ದನ್ನೂ ಸಹಜವೆನ್ನುತ್ತಿದ್ದೇವೆ. ಹೈಬ್ರಿಡ್‌ನಲ್ಲಿ ಕೂರುವವರೆಲ್ಲ ಉಳ್ಳವರೂ ಅಲ್ಲ. ಅದನ್ನು ಟ್ಯಾಕ್ಸಿಯಾಗಿ ಓಡಿಸುವವರಿದ್ದಾರೆ, ಸಾಲ ಮಾಡಿ ಕೊಂಡವರಿದ್ದಾರೆ. ದಿನಕ್ಕೆ ಹತ್ತು ಹನ್ನೆರಡು ತಾಸು ಆ ಸದ್ದು ಅವರ ಕಿವಿಯ ಪಕ್ಕದಲ್ಲೇ ಇರುತ್ತದೆ.

ಕೆಥೆಡ್ರಲ್ ರಸ್ತೆಯಲ್ಲಿ ಉಡುಪಿ ಸೀಮೆಯ ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲ್ 1962ರಿಂದ 2008ರವರೆಗೆ ಇತ್ತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಮದರಾಸಿಗೆ ಬಂದ ನಮ್ಮ ಕಡೆಯವರಿಗೆ ಅದು ಎರಡನೆಯ ಮನೆಯಾಗಿತ್ತು. ಮರದ ನೆರಳಿಗೆ ಗಾಡಿ ನಿಲ್ಲಿಸಿದರೆ ಕಿಟಕಿಗೇ ತಟ್ಟೆ ಸಿಕ್ಕಿಸಿ ದೋಸೆ, ಕಾಫಿ ಕೊಡುತ್ತಿದ್ದರು. ಕಾಫಿ ಬಿಸಿ ಸಾಲದೆಂದು ಹೇಳಿದರೆ ಬೇರೆ ಲೋಟ ಬರುತ್ತಿತ್ತು. ಹತ್ತಾರು ರೂಪಾಯಿಯ ಕಾಫಿಗೆ ಇದ್ದ ಆ ಮರ್ಯಾದೆ ಹದಿನೆಂಟು ಲಕ್ಷದ ಗಾಡಿಗೂ ಇರಬೇಕು ಎಂದು ಕೇಳುವುದು ಅತಿಯಲ್ಲ.

ಹಲವು ಕಂಪನಿಗಳ ವಾರಂಟಿ ಪುಸ್ತಕದಲ್ಲಿ ಸಣ್ಣ ಅಕ್ಷರದ ಒಂದು ಸಾಲಿರುತ್ತದೆ: ಗಾಡಿಯ ಕೆಲಸಕ್ಕೆ ಅಡ್ಡಿಯಾಗದ ಸದ್ದು, ಅದುರು ವಾರಂಟಿಗೆ ಬರುವುದಿಲ್ಲ ಎಂದು. ಅಡ್ಡಿಯಾಗದ್ದು ಎಂದು ತೀರ್ಮಾನಿಸಬೇಕಾದರೆ ಮೊದಲು ಸದ್ದಿನ ಮೂಲ ಹುಡುಕಬೇಕು. ಹುಡುಕದೆ ಆ ಸಾಲನ್ನು ತೋರಿಸುವ ಹಕ್ಕು ಯಾರಿಗೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಗುಣಮಟ್ಟದಲ್ಲಿನ ಯಾವುದೇ ಕೊರತೆಯನ್ನು ದೋಷವೆಂದೇ ಕರೆಯುತ್ತದೆ. 50 ಲಕ್ಷ ರೂಪಾಯಿವರೆಗಿನ ಖರೀದಿಯ ದೂರನ್ನು ಜಿಲ್ಲಾ ಆಯೋಗಕ್ಕೆ ಕೊಡಬಹುದು. ವಕೀಲರಿಲ್ಲದೆ ನೀವೇ ವಾದಿಸಬಹುದು. ಎರಡು ವರ್ಷದೊಳಗೆ ಕೊಡಬೇಕು. ಅಷ್ಟು ದೂರ ಹೋಗುವ ಮೊದಲೇ ಮಾಡಬಹುದಾದ ಕೆಲಸವಿದೆ. ಸದ್ದು ಯಾವ ವೇಗದಲ್ಲಿ, ಯಾವ ರಸ್ತೆಯಲ್ಲಿ, ಎಂಜಿನ್ ಓಡುವಾಗಲೋ ಮಲಗಿದಾಗಲೋ, ತಣ್ಣಗಿದ್ದಾಗಲೋ ಬಿಸಿಲಲ್ಲೋ ಎಂದು ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಓಡಿಸಿ ಕೇಳಿಸಿ. ಜಾಬ್ ಕಾರ್ಡಿನಲ್ಲಿ ನಿಮ್ಮ ದೂರನ್ನು ನೀವು ಹೇಳಿದ ಮಾತಿನಲ್ಲೇ ಬರೆಸಿ. ಅವರು ನಾರ್ಮಲ್ ಎಂದರೆ, ಮೂಲ ಯಾವುದು, ಏಕೆ ನಾರ್ಮಲ್ ಎಂದು ಅದೇ ಕಾರ್ಡಿನಲ್ಲಿ ಬರೆದು ಸಹಿ ಹಾಕಿಕೊಡಲು ಹೇಳಿ.

ಲಿಂಕ್ ರಾಡ್ ಬದಲಾದ ಮೇಲೆ ನಾನು ಹಳೆಯ ಮೂರು ಜಾಬ್ ಕಾರ್ಡುಗಳನ್ನು ತೆಗೆದು ನೋಡಿದೆ. ಮೂರರಲ್ಲೂ ದೂರಿನ ಜಾಗದಲ್ಲಿ "ಜನರಲ್ ಚೆಕಪ್" ಎಂದಷ್ಟೇ ಇತ್ತು.